ಮೊಬೈಲ್ ಕಿತ್ಕೊಂಡ್ರೆ ಡಿಪ್ರೆಶನ್ ಹೋಗುತ್ತಾ?

ಪ್ರಶ್ನೆ: ಮಗ ಫಸ್ಟ್ ಪಿಯುಸಿ. ಡಾಕ್ಟ್ರು ಡಿಪ್ರೆಶನ್ ಅಂದ್ರು, ಮಾತ್ರೆ ಕೊಟ್ಟಿದಾರೆ. ಇಡೀ ದಿನ ಮೊಬೈಲೇ. ಅದನ್ನ ಕಿತ್ಕೊಂಡ್ರೆ ಸರಿಹೋಗ್ತಾನಲ್ವಾ? (ತೀರ್ಥಹಳ್ಳಿ ಕಡೆಯ ತಾಯಿಯೊಬ್ಬರು)

ಇಲ್ಲ ಮಾರಾಯ್ರೆ. ಈ ಮಳೆಗಾಲದಲ್ಲೇ ಸಾಗರದಿಂದ, ಹೊಸನಗರದಿಂದ ಇದೇ ಪ್ರಶ್ನೆ ಎಷ್ಟು ಸಲ ಬಂತೋ, ಎಲ್ರಿಗೂ ಹೇಳಿದ್ದನ್ನೇ ಮತ್ತೆ ಹೇಳ್ತಿದೀನಿ.

"ಮೊಬೈಲ್ ಬಂತು, ಅದ್ರಿಂದ್ಲೇ ಡಿಪ್ರೆಶನ್ ಬಂತು" ಅನ್ನೋದು ನಮ್ಮ ತಲೇಲಿ ಕೂತ್ಬಿಟ್ಟಿದೆ. ಯಾವುದು ಮೊದ್ಲು ಶುರುವಾಯ್ತು ಅಂತ ಯಾರೂ ನೋಡಲ್ಲ. ನನ್ನ ಹತ್ರ ಬಂದಿದ್ದ ಒಬ್ಬ ಹುಡುಗನ ಅಪ್ಪಂಗೆ ಕೇಳ್ದೆ, ಇವ್ನು ಕ್ರಿಕೆಟ್ ಬಿಟ್ಟಿದ್ದು ಯಾವಾಗ? ಯುಗಾದಿ ಹೊತ್ತಿಗೆ ಅಂದ್ರು. ಮೊಬೈಲ್ ಹಿಡ್ಕೊಂಡು ಕೂರೋದು ಜಾಸ್ತಿಯಾಗಿದ್ದು? ಸ್ವಲ್ಪ ಲೆಕ್ಕ ಹಾಕಿ "ಮೇ ಕೊನೇಲಿ" ಅಂದ್ರು, ಆಮೇಲೆ ಸುಮ್ನಾದ್ರು. ಬ್ಯಾಟು ಮೂಲೆ ಸೇರಿ ಎರಡು ತಿಂಗಳಾದ್ಮೇಲೆ ಮೊಬೈಲ್! 2019ರಲ್ಲಿ ಆಕ್ಸ್‌ಫರ್ಡ್‌ನ ಇಬ್ರು ಸಂಶೋಧಕರು ಮೂರೂವರೆ ಲಕ್ಷಕ್ಕಿಂತ ಜಾಸ್ತಿ ಹದಿಹರೆಯದವರ ಮಾಹಿತಿ ಜಾಲಾಡಿದ್ರು, ಮಕ್ಕಳ ನೆಮ್ಮದಿಯ ಏರುಪೇರಲ್ಲಿ ಸ್ಕ್ರೀನ್ ಪಾಲು ಹೆಚ್ಚಂದ್ರೆ 0.4% ಅಂತ ಸಿಕ್ತು.

ಹಾಗಂತ ಮೊಬೈಲ್ ಬಹಳ ಸಾಧು ಅಂತಲ್ಲ. ಆ 0.4% ಎಲ್ಲಾ ಮಕ್ಕಳ ಸರಾಸರಿ, ಈಗಾಗ್ಲೇ ಕುಗ್ಗಿರೋ ಹುಡುಗನ ಕಥೆ ಬೇರೆ. ಅವ್ನಿಗೆ ಮೊದ್ಲೇ ನಿದ್ದೆ ಬರಲ್ಲ, ರಾತ್ರಿ ಎರಡು ಗಂಟೆಗೆ ಒಂದು ಬೇಜಾರಿನ ರೀಲ್ ನೋಡ್ತಾನೆ, ಅದು ಅಂಥದ್ದೇ ಇನ್ನೂ ಇಪ್ಪತ್ತು ತಂದು ಸುರಿಯುತ್ತೆ, ಮಧ್ಯ ಕ್ಲಾಸ್‌ಮೇಟ್ಸ್ ಟ್ರಿಪ್ ಫೋಟೋ, ಬೆಳಿಗ್ಗೆ ಏಳಕ್ಕಾಗಲ್ಲ. ಎಷ್ಟು ಗಂಟೆ ಅನ್ನೋದಕ್ಕಿಂತ ಏನು ನೋಡ್ತಾನೆ, ಯಾವ ಹೊತ್ತಲ್ಲಿ ನೋಡ್ತಾನೆ ಅನ್ನೋದು ಮುಖ್ಯ. ಆದ್ರೆ ಅವ್ನ ಜೊತೆ ಮಾತಾಡೋ ಒಬ್ಬನೇ ಒಬ್ಬ ಫ್ರೆಂಡೂ ಅದ್ರೊಳಗೇ ಇರಬಹುದು. ಕೋಪದಲ್ಲಿ ಕಿತ್ಕೊಂಡ್ರೆ ಆ ಫ್ರೆಂಡೂ ಕೈತಪ್ಪಿ ಹೋಗ್ತಾನೆ.

ರಾತ್ರಿ ಹತ್ತಕ್ಕೆ ಮನೆಯವರೆಲ್ಲರ ಮೊಬೈಲೂ ಜಗಲೀಲಿ ಚಾರ್ಜಿಗೆ ಹಾಕಿ, ಅಪ್ಪಂದೂ ಸೇರಿ. ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ. ಶಿವಮೊಗ್ಗಕ್ಕೆ ಓಡಾಡೋದು ಕಷ್ಟ ಆದ್ರೆ, ಸರ್ಕಾರದ ಮಾನಸಿಕ ಆರೋಗ್ಯ ಕಾರ್ಯಕ್ರಮ ಮನೋಚೈತನ್ಯದಲ್ಲಿ ಯಾವ ಮಂಗಳವಾರ ಮನೋವೈದ್ಯರು ಬರ್ತಾರೆ ಅಂತ ತಾಲ್ಲೂಕು ಆಸ್ಪತ್ರೇಲಿ ವಿಚಾರಿಸಿ. ಸಾಯೋ ಮಾತಾಡಿದ್ರೆ "ನಾಟಕ" ಅನ್ಬೇಡಿ, ಒಂಟಿ ಬಿಡ್ಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡ್ತಾರೆ.

ನೀವು ಕೇಳದೇ ಇದ್ದಿದ್ದು ಒಂದಿದೆ, ನಾನೇ ಕೇಳ್ತೀನಿ. ತೋಟದ ಔಷಧಿ, ಕಳೆನಾಶಕ ಎಲ್ಲಿಟ್ಟಿದೀರಿ? ಮೊಬೈಲಿಗೆ ಲಾಕ್ ಹಾಕ್ಸಿರ್ತೀರಿ, ಕ್ಯಾನ್ ಮಾತ್ರ ಕೊಟ್ಟಿಗೆ ಅಟ್ಟದ ಮೇಲೆ ಯಾರ ಕೈಗೂ ಸಿಗೋ ಹಾಗಿರುತ್ತೆ. ಶ್ರೀಲಂಕಾದಲ್ಲಿ ಅಪಾಯದ ಕೀಟನಾಶಕಗಳನ್ನ ಒಂದೊಂದಾಗಿ ನಿಷೇಧಿಸಿದ್ಮೇಲೆ ಆತ್ಮಹತ್ಯೆ ಪ್ರಮಾಣ ಸುಮಾರು 70% ಇಳೀತು, ಯಾಕಂದ್ರೆ ಆ ಒಂದು ಗಳಿಗೆ ದಾಟಿದ್ರೆ ಎಷ್ಟೋ ಜನ ಉಳ್ಕೋತಾರೆ. ಇವತ್ತೇ ಬೀಗ ಹಾಕಿ, ಕೀ ನಿಮ್ಮ ಹತ್ರಾನೇ ಇರ್ಲಿ, ಮುಂದಿನ ಸಲ ಬೇಕಾದಷ್ಟೇ ತನ್ನಿ.