ನಾಯಿ ಗೆದ್ದ ಮೇಲೆ ಆಟಿಕೆ ಎಲ್ಲಿಗೆ ಹೋಗುತ್ತದೆ?

ಕೋಲಾರ ಜಿಲ್ಲೆಯಲ್ಲಿ ಜೂನ್ ತಿಂಗಳೆಂದರೆ ಮಾವು. ಶ್ರೀನಿವಾಸಪುರದ ಮಂಡಿಗಳಿಂದ ತೋತಾಪುರಿ ತುಂಬಿದ ಲಾರಿಗಳು ಹೊರಡುತ್ತವೆ. ಮನೆಗಳಲ್ಲಿ ಬಾದಾಮಿ, ರಸಪುರಿ, ಮಲ್ಲಿಕಾ ಹಣ್ಣಿನ ಒಂದು ಬುಟ್ಟಿ ಖಾಲಿಯಾಗುವ ಮೊದಲೇ ಇನ್ನೊಂದು ಬಂದಿರುತ್ತದೆ. ಚೀಪಿದ ವಾಟೆ ಅಂಗಳದ ಮೂಲೆಗೆ ಬೀಳುತ್ತದೆ. ನಮ್ಮ ಮನೆಯ ನಾಟಿ ನಾಯಿ ಕೆಂಚನಿಗೆ ಆ ವಾಟೆಯೇ ಆಟಿಕೆಯಾಗಿತ್ತು. ಮೇಲಕ್ಕೆ ಎಸೆಯುತ್ತಿದ್ದ, ಮುಂಗಾಲುಗಳ ನಡುವೆ ಹಿಡಿದು ನಾರು ನೆಕ್ಕುತ್ತಿದ್ದ, ಜಾರಿಹೋದರೆ ಹಾರಿ ಹಿಡಿಯುತ್ತಿದ್ದ. ಒಂದು ವರ್ಷ ಜುಲೈ ಕೊನೆಯಲ್ಲಿ, ಮನೆಯಲ್ಲಿ ಮಾವು ಮುಗಿದು ಎರಡು ವಾರವಾದ ಮೇಲೆ, ಅವನು ಊಟ ಬಿಟ್ಟ. ಮೊದಲ ದಿನ ಎರಡು ಸಲ ವಾಂತಿಯಾಯಿತು. ಮರುದಿನ ಕುಡಿದ ನೀರೂ ನಿಲ್ಲಲಿಲ್ಲ. ಎದೆಯನ್ನು ನೆಲಕ್ಕೊತ್ತಿ, ಹಿಂಭಾಗವನ್ನು ಮೇಲೆತ್ತಿ, ದೇವರಿಗೆ ಅಡ್ಡಬೀಳುವವನಂತೆ ನಿಲ್ಲುತ್ತಿದ್ದ. ಹೊಟ್ಟೆನೋವು ತಾಳಲಾರದ ನಾಯಿ ಹಾಗೆ ನಿಲ್ಲುತ್ತದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಎಕ್ಸ್‌ರೇಯಲ್ಲಿ ವಾಟೆ ಕಾಣಲಿಲ್ಲ. ಮೂಳೆ ಅಥವಾ ಲೋಹ ತಡೆಯುವಷ್ಟು ಕ್ಷಕಿರಣವನ್ನು ಮರದಂತಹ ವಸ್ತು ತಡೆಯುವುದಿಲ್ಲ. ಗಾಳಿ ತುಂಬಿ ಉಬ್ಬಿದ ಕರುಳು ಮಾತ್ರ ಕಾಣಿಸಿತು. ವಾಟೆ ಎಲ್ಲಿದೆ ಎಂಬುದು ಸ್ಕ್ಯಾನಿಂಗ್‌ನಲ್ಲಿ ತಿಳಿಯಿತು. ಹಣ್ಣಿನ ಬೀಜಗಳು ಜಠರದಲ್ಲಿ ವಾರಗಟ್ಟಲೆ ಸುಮ್ಮನೆ ಕುಳಿತಿದ್ದು, ಒಂದು ದಿನ ಸಣ್ಣ ಕರುಳಿಗೆ ಜಾರಿ ಅಲ್ಲಿ ಸಿಕ್ಕಿಕೊಳ್ಳಬಹುದು. ಸಿಕ್ಕಿಕೊಂಡ ಜಾಗದ ಹಿಂದೆ ದ್ರವವೂ ಗಾಳಿಯೂ ಶೇಖರವಾಗುತ್ತವೆ, ಕರುಳಿನ ಗೋಡೆ ಬಿಗಿಯುತ್ತದೆ, ಬಿಗಿದ ಗೋಡೆಗೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ. ತಡಮಾಡಿದರೆ ಆ ಭಾಗವೇ ಸಾಯುತ್ತದೆ. ಶಸ್ತ್ರಚಿಕಿತ್ಸೆ ಮುಗಿಸಿದ ಪಶುವೈದ್ಯೆ ಸ್ಟೀಲ್ ತಟ್ಟೆಯಲ್ಲಿ ವಾಟೆಯನ್ನಿಟ್ಟು ತೋರಿಸಿದರು. ನಾರು ಕಪ್ಪಾಗಿ ಅಂಟಿಕೊಂಡಿತ್ತು. ವಾಟೆ ಒಂದಿಷ್ಟೂ ಸವೆದಿರಲಿಲ್ಲ.

“ನಾಯಿಗೆ ಏನನ್ನಾದರೂ ಆಡಲು ಕೊಡುವ ಮೊದಲು, ಆಟದಲ್ಲಿ ಅದು ಗೆದ್ದರೆ ಏನಾಗುತ್ತದೆ ಎಂದು ಯೋಚಿಸಿ ಸರ್” ಎಂದರು.

ನಾಯಿಯ ಆಟಿಕೆಯ ಬಗ್ಗೆ ಅದಕ್ಕಿಂತ ಒಳ್ಳೆಯ ಮಾತನ್ನು ನಾನು ಕೇಳಿಲ್ಲ. ನಾಯಿಯ ಆಟ ಬೇಟೆಯಿಂದ ಬಂದದ್ದು. ಅಮೆರಿಕದ ಹ್ಯಾಂಪ್‌ಶೈರ್ ಕಾಲೇಜಿನಲ್ಲಿದ್ದ ಜೀವವಿಜ್ಞಾನಿ ರೇಮಂಡ್ ಕಾಪಿಂಜರ್, ಕುರಿ ಕಾಯುವ ಮತ್ತು ಕುರಿ ಅಟ್ಟುವ ನಾಯಿಗಳನ್ನು ದಶಕಗಳ ಕಾಲ ನೋಡಿ ಬೇಟೆಯ ಕೊಂಡಿಗಳನ್ನು ಒಂದೊಂದಾಗಿ ಬಿಡಿಸಿಟ್ಟರು: ಬೇಟೆಯ ಕಡೆ ತಿರುಗುವುದು, ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ಸೀಳುವುದು, ತಿನ್ನುವುದು. ತೋಳದಲ್ಲಿ ಇವೆಲ್ಲ ಒಂದೇ ಸರಪಳಿ. ಮನುಷ್ಯ ನಾಯಿಗಳನ್ನು ಆರಿಸಿ ಬೆಳೆಸುತ್ತ ಒಂದೊಂದು ತಳಿಯಲ್ಲಿ ಒಂದೊಂದು ಕೊಂಡಿಯನ್ನು ಹಿಗ್ಗಿಸಿದ, ಇನ್ನೊಂದನ್ನು ಕುಗ್ಗಿಸಿದ. ಕುರಿ ಅಟ್ಟುವ ಬಾರ್ಡರ್ ಕಾಲಿ ತಳಿ ದಿಟ್ಟಿಸಿ ಹೊಂಚುತ್ತದೆ, ಕೊಲ್ಲುವುದಿಲ್ಲ. ಲ್ಯಾಬ್ರಡಾರ್ ಬಾಯಲ್ಲಿ ಕಚ್ಚಿ ಹಿಡಿದು ತರುವುದರಲ್ಲೇ ಸುಖ ಕಾಣುತ್ತದೆ. ನಮ್ಮ ಮುಧೋಳಕ್ಕೆ ಓಡುವ ವಸ್ತು ಕಣ್ಣಿಗೆ ಬಿದ್ದರೆ ಸಾಕು. ಇಲಿ ಹಿಡಿಯಲೆಂದು ಬೆಳೆಸಿದ ಟೆರಿಯರ್‌ಗಳು ಸಿಕ್ಕಿದ್ದನ್ನು ಕುತ್ತಿಗೆ ಒದರಿ ಒದರಿ ಬಡಿಯುತ್ತವೆ. ಬೀದಿಯಲ್ಲಿ ಹೆಕ್ಕಿ ತಿಂದು ಬದುಕಿದ ಪರಂಪರೆಯ ಕೆಂಚನಂತಹ ನಾಟಿ ನಾಯಿಗಳಿಗೆ, ನಾನು ಕಂಡಂತೆ, ಸರಪಳಿಯ ಕೊನೆಯ ಎರಡು ಕೊಂಡಿಗಳೇ ಪ್ರಿಯ. ಅಂಥವಕ್ಕೆ ಮೆತ್ತನೆಯ ಗೊಂಬೆ ಕೊಟ್ಟರೆ ಹೊಟ್ಟೆ ಬಗೆದು ಹತ್ತಿಯನ್ನೂ, ಪೀಪಿಯನ್ನೂ ಹೊರಗೆ ತೆಗೆಯುತ್ತವೆ. ಅವು ಗೊಂಬೆಯನ್ನು ಹಾಳುಮಾಡುತ್ತಿಲ್ಲ. ಗೊಂಬೆಯೊಂದಿಗೆ ಆಡುವುದೆಂದರೆ ಅವಕ್ಕೆ ಅದೇ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ನಿಮ್ಮ ನಾಯಿಯನ್ನು ಒಂದು ವಾರ ನೋಡಿ. ಅಟ್ಟುತ್ತದೆಯೋ, ಹೊತ್ತು ತಿರುಗುತ್ತದೆಯೋ, ಎಳೆದಾಡುತ್ತದೆಯೋ, ಸೀಳುತ್ತದೆಯೋ? ಹೊತ್ತು ತಿರುಗುವ ನಾಯಿಗೆ ಬಟ್ಟೆಯ ಗೊಂಬೆ ವರ್ಷಗಟ್ಟಲೆ ಬರುತ್ತದೆ. ಸೀಳುವ ನಾಯಿಗೆ ಅದೇ ಗೊಂಬೆ ಹತ್ತು ನಿಮಿಷದ ಅಪಾಯ.

ನಮ್ಮ ಸೀಮೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ದಾರ. ಟೊಮೆಟೊ ತೋಟಗಳಲ್ಲಿ ಗಿಡವನ್ನು ಗೂಟಕ್ಕೆ ಕಟ್ಟುವ ಪ್ಲಾಸ್ಟಿಕ್ ದಾರ ಬೆಳೆ ಮುಗಿದ ಮೇಲೆ ಬದುಗಳಲ್ಲಿ ಸುರುಳಿ ಸುರುಳಿಯಾಗಿ ಬಿದ್ದಿರುತ್ತದೆ, ಮರಿಗಳು ಅದನ್ನು ಎಳೆದಾಡುತ್ತವೆ. ನುಂಗಿದ ದಾರದ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದಿಂದ ಕರುಳಿಗೆ ಇಳಿಯುವ ಕಂಡಿಯಲ್ಲೋ ಸಿಕ್ಕಿಕೊಂಡರೆ, ಉಳಿದದ್ದನ್ನು ಕರುಳು ತನ್ನ ಅಲೆಗಳಿಂದ ಮುಂದಕ್ಕೆ ಎಳೆಯುತ್ತಲೇ ಇರುತ್ತದೆ. ದಾರ ಬರುವುದಿಲ್ಲ. ಕರುಳೇ ದಾರದ ಮೇಲೆ ಏರಿ, ಲಾಡಿ ಎಳೆದ ಲಂಗದ ಹಾಗೆ ನೆರಿಗೆ ನೆರಿಗೆಯಾಗುತ್ತದೆ. ಬಿಗಿದ ದಾರ ಗರಗಸದಂತೆ ಒಳಗೋಡೆಯನ್ನು ಕೊಯ್ಯುತ್ತ ಹೋಗುತ್ತದೆ, ಒಂದಲ್ಲ, ಹಲವು ಕಡೆ ತೂತಾಗಬಹುದು. ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ಹಗ್ಗದ ಆಟಿಕೆಗಳಿಗೂ ಇದೇ ಮಾತು. ನೀವು ಒಂದು ತುದಿ, ನಾಯಿ ಒಂದು ತುದಿ ಹಿಡಿದು ಎಳೆದಾಡಲು ಅವು ಚೆನ್ನ. ಆಟ ಮುಗಿದ ಕೂಡಲೇ ಮೇಲೆ ಎತ್ತಿಡಬೇಕು, ಎಳೆ ಬಿಚ್ಚತೊಡಗಿದರೆ ಎಸೆಯಬೇಕು. ನಾಯಿಯ ಬಾಯಿಂದಲೋ ಗುದದ್ವಾರದಿಂದಲೋ ದಾರ ಇಣುಕುತ್ತಿದ್ದರೆ ಎಳೆಯಬೇಡಿ, ಹಾಗೆಯೇ ವೈದ್ಯರ ಬಳಿ ಕರೆದುಕೊಂಡು ಹೋಗಿ.

ಇನ್ನು ಹಲ್ಲು. ಮರಿಗೆ 28 ಹಾಲುಹಲ್ಲು, ಬೆಳೆದ ನಾಯಿಗೆ 42 ಹಲ್ಲು. ಸುಮಾರು ಮೂರರಿಂದ ಏಳು ತಿಂಗಳವರೆಗೆ ಈ ಬದಲಾವಣೆ ನಡೆಯುವಾಗ ವಸಡು ನವೆಯುತ್ತದೆ. ಚಪ್ಪಲಿ, ಮೇಜಿನ ಕಾಲು, ತೋಟದ ಹನಿ ನೀರಾವರಿ ಪೈಪು, ಯಾವುದೂ ಉಳಿಯುವುದಿಲ್ಲ. ಒದ್ದೆ ಮಾಡಿ ಫ್ರಿಜ್ಜಿನಲ್ಲಿಟ್ಟ ದಪ್ಪ ಬಟ್ಟೆ ಆಗ ಹಿತ, ನೀವು ಜೊತೆಯಲ್ಲಿ ಕುಳಿತಿರುವಷ್ಟು ಹೊತ್ತು. ಬೆಳೆದ ನಾಯಿಯ ವಿಷಯದಲ್ಲಿ ಜನ ತಪ್ಪು ತಿಳಿದಿರುವುದು ಗಟ್ಟಿತನದ ಬಗ್ಗೆ. ನಾಯಿ ಮೂಳೆ ಮುರಿಯುತ್ತದೆ, ಆದ್ದರಿಂದ ಅದರ ಹಲ್ಲು ಕಬ್ಬಿಣ ಎಂದು ನಂಬಿದ್ದೇವೆ. ನಾಯಿಹಲ್ಲಿನ ಎನಾಮೆಲ್ ಒಂದು ಮಿಲಿಮೀಟರಿಗಿಂತ ತೆಳು; ನಮ್ಮ ದವಡೆ ಹಲ್ಲಿನಲ್ಲಿ ಅದು ಕೆಲವೆಡೆ ಎರಡು ಮಿಲಿಮೀಟರ್ ದಾಟುತ್ತದೆ. ನಾವು ಅರೆದು ತಿನ್ನುತ್ತೇವೆ, ನಾಯಿ ಕತ್ತರಿಸಿ ನುಂಗುತ್ತದೆ. ಅದರ ಮೇಲ್ದವಡೆಯ ದೊಡ್ಡ ಕತ್ತರಿ ಹಲ್ಲು ಗಟ್ಟಿ ಮೂಳೆ, ಜಿಂಕೆ ಕೊಂಬು, ದನದ ಗೊರಸುಗಳ ಮೇಲೆ ಒತ್ತಿದಾಗ ಹೊರಮೈಯಿಂದ ಹಕ್ಕಳೆಯಂತೆ ಒಂದು ಚಪ್ಪಟೆ ಚೂರು ಎದ್ದುಬರುತ್ತದೆ. ನಾಯಿ ನರಳುವುದಿಲ್ಲ, ಇನ್ನೊಂದು ಬದಿಯಲ್ಲಿ ಅಗಿಯಲು ಶುರುಮಾಡುತ್ತದೆ. ತಿಂಗಳುಗಳ ನಂತರ ಕಣ್ಣಿನ ಕೆಳಗೆ ಊದಿಕೊಂಡಾಗಲೇ ಮನೆಯವರಿಗೆ ತಿಳಿಯುವುದು. ಭಾನುವಾರದ ನಲ್ಲಿ ಮೂಳೆಯದು ಇನ್ನೊಂದು ತೊಂದರೆ: ಬಳೆಯಂತಹ ತುಂಡು ಕೆಳದವಡೆಯ ಕೋರೆಹಲ್ಲುಗಳನ್ನು ದಾಟಿ ಕೂತುಬಿಟ್ಟರೆ ಅರಿವಳಿಕೆ ಕೊಟ್ಟು ಕತ್ತರಿಸಿ ತೆಗೆಯಬೇಕಾಗುತ್ತದೆ.

ಹಲ್ಲಿನ ಪಶುವೈದ್ಯರು ಹೇಳಿಕೊಡುವ ಎರಡು ಪರೀಕ್ಷೆಗಳನ್ನು ಅಂಗಡಿಯಲ್ಲೇ ಮಾಡಬಹುದು. ಹೆಬ್ಬೆರಳಿನ ಉಗುರನ್ನು ಆಟಿಕೆಗೆ ಒತ್ತಿ: ಸ್ವಲ್ಪವಾದರೂ ಗುರುತು ಬೀಳಬೇಕು. ಇಲ್ಲವೇ ಅದರಿಂದ ನಿಮ್ಮ ಮಂಡಿಚಿಪ್ಪಿಗೆ ತಟ್ಟಿಕೊಳ್ಳಿ: ನೋವಾದರೆ ನಾಯಿಯ ಹಲ್ಲಿಗೂ ಅದು ಹೆಚ್ಚು ಗಟ್ಟಿ.

ಟೆನಿಸ್ ಚೆಂಡಿನ ಮೇಲಿನ ಉಣ್ಣೆಯಂತಹ ಹೊದಿಕೆ ಮಣ್ಣು ಮರಳು ಹಿಡಿದು ಉಪ್ಪುಕಾಗದವಾಗುತ್ತದೆ. ದಿನವಿಡೀ ಅದನ್ನೇ ಅಗಿಯುವ ನಾಯಿಯ ಹಲ್ಲು ಸವೆದು ಮೊಂಡಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಅಳತೆ. ಆ ಚೆಂಡಿನ ಅಡ್ಡಳತೆ 6.54ರಿಂದ 6.86 ಸೆಂಟಿಮೀಟರ್, ದೊಡ್ಡ ಲ್ಯಾಬ್ರಡಾರ್ ಅಥವಾ ಜರ್ಮನ್ ಶೆಫರ್ಡ್ ಹಾರಿ ಹಿಡಿದಾಗ ಅದು ನೇರ ಗಂಟಲಿಗೆ ಹೋಗಿ ಕೂರಬಲ್ಲದು. ಜೊಲ್ಲಿನಿಂದ ಜಾರುವ ಚೆಂಡನ್ನು ಬೆರಳಿನಿಂದ ಹಿಡಿದು ತೆಗೆಯುವುದು ಬಹಳ ಕಷ್ಟ, ಉಸಿರು ಕಟ್ಟಿದ ನಾಯಿಗೆ ಇರುವುದು ಕೆಲವೇ ನಿಮಿಷ. ಕೋರೆಹಲ್ಲುಗಳ ಹಿಂದಕ್ಕೆ ದಾಟದಷ್ಟು ದೊಡ್ಡ ಚೆಂಡನ್ನೇ ಕೊಡಿ. ಮನೆಯಲ್ಲಿ ದೊಡ್ಡ ನಾಯಿಯೂ ಸಣ್ಣ ನಾಯಿಯೂ ಇದ್ದರೆ ದೊಡ್ಡದರ ಬಾಯಿಯೇ ಅಳತೆ. ಟೊಳ್ಳು ಚೆಂಡಿಗೆ ಒಂದೇ ತೂತಿದ್ದರೆ ಕೊಳ್ಳಬೇಡಿ: ಒಳಗಿನ ಗಾಳಿ ಹೊರಗೆ ಹೋಗಿ ನಿರ್ವಾತ ಉಂಟಾದರೆ ನಾಲಿಗೆ ಒಳಕ್ಕೆ ಎಳೆದು ಸಿಕ್ಕಿಕೊಳ್ಳುತ್ತದೆ. ಗಾಳಿಯಾಡಲು ಎರಡನೆಯ ತೂತು ಬೇಕೇ ಬೇಕು.

ಮಕ್ಕಳ ಆಟಿಕೆಯನ್ನು ನಾಯಿಗೆ ಕೊಡುವವರೂ ಇದ್ದಾರೆ. 2021ರ ಜನವರಿಯಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ಆದರೆ ಆ ಆದೇಶ ಇರುವುದು 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ. ಮಗುವಿನ ಹಲ್ಲನ್ನು ತಡೆಯುವ ಪ್ಲಾಸ್ಟಿಕ್ ನಾಯಿಯ ಹಲ್ಲನ್ನು ತಡೆಯುವುದಿಲ್ಲ. ಬಟನ್ ಬ್ಯಾಟರಿ ಇರುವ ಆಟಿಕೆಯನ್ನಂತೂ ನಾಯಿಗೆ ಎಟುಕದಂತೆ ಇಡಿ; ಆ ಬ್ಯಾಟರಿ ಅನ್ನನಾಳದಲ್ಲಿ ನಿಂತರೆ ಗಂಟೆಗಳಲ್ಲೇ ಅದನ್ನು ಸುಡುತ್ತದೆ.

ಬಣ್ಣದ ವಿಷಯದಲ್ಲಿ ಅಂಗಡಿಯವರು ನಮ್ಮ ಕಣ್ಣಿಗೆ ಮಾರುತ್ತಾರೆ. 1989ರಲ್ಲಿ ಅಮೆರಿಕದ ದೃಷ್ಟಿವಿಜ್ಞಾನಿ ಜೇ ನೀಟ್ಸ್ ಮತ್ತು ಅವರ ಸಂಗಡಿಗರು ನಾಯಿಗಳ ಮುಂದೆ ಬೆಳಕಿನ ಮೂರು ಫಲಕಗಳನ್ನಿಟ್ಟು, ಬೇರೆ ಬಣ್ಣದ್ದನ್ನು ಗುರುತಿಸಲು ಕಲಿಸಿ, ನಾಯಿಯ ಕಣ್ಣಿನಲ್ಲಿ ಬಣ್ಣ ಹಿಡಿಯುವ ಕೋಶಗಳು ಎರಡೇ ಬಗೆ ಎಂದು ತೋರಿಸಿದರು. ನೀಲಿ, ಹಳದಿ ಅದಕ್ಕೆ ಬೇರೆ ಬೇರೆಯಾಗಿ ಕಾಣುತ್ತವೆ. ಕೆಂಪು, ಹಸಿರಿನ ಭೇದ ಅಳಿಸಿಹೋಗುತ್ತದೆ. ನಮ್ಮ ತೋಟದಲ್ಲಿ ಹಣ್ಣಾದ ಟೊಮೆಟೊ ನನಗೆ ದೂರದಿಂದಲೇ ಕರೆಯುತ್ತದೆ, ಕೆಂಚನಿಗೆ ಅದು ಎಲೆಗಳಲ್ಲೇ ಬೆರೆತಿರುತ್ತದೆ. ಹುಲ್ಲಿನ ಮೇಲೆ ಎಸೆಯಲು ನೀಲಿ ಚೆಂಡು ಒಳ್ಳೆಯದು.

ಒಂದು ಬುಟ್ಟಿ ಆಟಿಕೆ ಕೊಂಡರೂ ನಾಯಿ ಮೂಸುವುದಿಲ್ಲ ಎಂದು ದೂರುವವರಿಗೆ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗ ಉತ್ತರ ಕೊಡುತ್ತದೆ. ಒಂದೇ ಆಟಿಕೆಯನ್ನು ಮತ್ತೆ ಮತ್ತೆ ಕೊಟ್ಟಾಗ ನಾಯಿಗಳು ಬೇಗನೆ ಕೈಬಿಟ್ಟವು. ಬಣ್ಣವೂ ವಾಸನೆಯೂ ಬೇರೆಯಾದ ಆಟಿಕೆ ಬಂದೊಡನೆ ಉತ್ಸಾಹ ಮರಳಿತು. ಎಲ್ಲವನ್ನೂ ಒಟ್ಟಿಗೆ ಹರಡದೆ, ಎರಡನ್ನು ಕೊಟ್ಟು ಉಳಿದವನ್ನು ಎತ್ತಿಟ್ಟು, ವಾರಕ್ಕೊಮ್ಮೆ ಬದಲಿಸಿದರೆ ಹಳೆಯದೇ ಹೊಸದಾಗುತ್ತದೆ.

ಸೀಳುವ ನಾಯಿಗೆ ನಾನು ಒಪ್ಪುವ ಆಟಿಕೆ ಒಳಗೆ ಟೊಳ್ಳಿರುವ, ಬಾಗಿದರೂ ಹರಿಯದ, ದಪ್ಪ ನೈಸರ್ಗಿಕ ರಬ್ಬರಿನದು. ಅದರೊಳಗೆ ತುಂಬಲು ನಮ್ಮ ಊಟಕ್ಕಿಂತ ಉತ್ತಮವಾದದ್ದಿಲ್ಲ: ಉಪ್ಪಿಲ್ಲದೆ ತೊಳಸಿದ ಆರಿದ ರಾಗಿ ಮುದ್ದೆಗೆ ಒಂದಿಷ್ಟು ಮೊಸರು. ಮುದ್ದೆ ಅಂಟಿಕೊಂಡು ಕೂರುತ್ತದೆ, ನಾಯಿ ಅರ್ಧ ಗಂಟೆ ನಾಲಿಗೆಯಿಂದ ಬಗೆಯುತ್ತದೆ. ಮುದ್ದೆ ಸರಿ, ಬಸ್ಸಾರು ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸುತ್ತವೆ. ಅದಕ್ಕೆ ಟಾರ್ಟಾರಿಕ್ ಆಮ್ಲ ಕಾರಣವಿರಬಹುದೆಂದು ಅಮೆರಿಕದ ಪ್ರಾಣಿವಿಷ ತಜ್ಞರು 2021ರಲ್ಲಿ ಸೂಚಿಸಿದರು. ಆ ಆಮ್ಲದ ಲವಣವಾದ ಕ್ರೀಮ್ ಆಫ್ ಟಾರ್ಟರ್ ಬೆರೆಸಿ ಮನೆಯಲ್ಲಿ ಮಾಡಿದ, ಮಕ್ಕಳು ಆಡುವ ಹಿಟ್ಟನ್ನು ತಿಂದ ನಾಯಿಯೊಂದರಿಂದ ಅವರಿಗೆ ಸುಳಿವು ಸಿಕ್ಕಿತು. ಹುಣಸೆಹಣ್ಣಿನಲ್ಲೂ ಅದೇ ಆಮ್ಲ ಹೇರಳವಾಗಿದೆ. ದ್ರಾಕ್ಷಿ ತೋಟಗಳೂ ಹುಣಸೆ ಮರಗಳೂ ತುಂಬಿರುವ ಕೋಲಾರ, ಚಿಕ್ಕಬಳ್ಳಾಪುರದವರು ಇದನ್ನು ತಿಳಿದಿರಲೇಬೇಕು.

ಕೆಂಚನಿಗೆ ಈಗ ಒಂಬತ್ತು ವರ್ಷ. ಹೊಟ್ಟೆಯ ಮೇಲಿನ ಹೊಲಿಗೆಯ ಗೆರೆಯಲ್ಲಿ ಕೂದಲು ಬಂದಿಲ್ಲ. ಮಾವಿನ ಕಾಲದಲ್ಲಿ ವಾಟೆಗಳು ಮುಚ್ಚಳವಿರುವ ಬಕೆಟ್ಟಿಗೆ ಹೋಗುತ್ತವೆ, ಒಂದು ಚಮಚ ರಸಪುರಿ ತಿರುಳು ರಬ್ಬರಿನ ಟೊಳ್ಳಿಗೆ ಹೋಗುತ್ತದೆ. ಅವನು ಅದೇ ಅಂಗಳದ ಮೂಲೆಯಲ್ಲಿ ಮಲಗಿ, ಮುಂಗಾಲುಗಳ ನಡುವೆ ಅದನ್ನು ಹಿಡಿದು, ಕಣ್ಣು ಅರೆಮುಚ್ಚಿ ನೆಕ್ಕುತ್ತಾನೆ. ನೆಕ್ಕಿ ಮುಗಿಸಿದ ಮೇಲೆ ಅದನ್ನು ತೊಳೆದು, ಉಗುರಿನಿಂದ ಸುತ್ತ ಸವರಿ ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ನೋಡಿ ಎತ್ತಿಡುತ್ತೇನೆ.