ನಿಮ್ಮ ಕ್ಯಾಮೆರಾದಲ್ಲಿ ಈಗ ಗಂಟೆ ಎಷ್ಟು?

ಪ್ರವಾಸದ ಫೋಟೊಗಳಿಗೆ ಲೊಕೇಶನ್ ಸೇರಿಸಬೇಕು, ಯಾವ ಜಿಪಿಎಸ್ ಸಾಧನ ಕೊಳ್ಳಲಿ ಅಂತ ಕೇಳುವವರು ಜಾಸ್ತಿ. ನಾನು ಮೊದಲು ಕೇಳುವುದು ಕ್ಯಾಮೆರಾದ ಗಡಿಯಾರದ ಬಗ್ಗೆ. ಅದನ್ನು ನೋಡಿದವರೇ ಕಡಿಮೆ. ತೆರೆದು ನೋಡಿದರೆ ನಾಲ್ಕೈದು ನಿಮಿಷ ಹಿಂದಿರುತ್ತದೆ. ಇಲ್ಲವೇ ಅಮೆರಿಕದಿಂದ ಮಗ ತಂದುಕೊಟ್ಟ ಕ್ಯಾಮೆರಾ ಇನ್ನೂ ಅಲ್ಲಿನ ಹೊತ್ತನ್ನೇ ತೋರಿಸುತ್ತಿರುತ್ತದೆ.

ಫೋನಿನಲ್ಲಾದರೆ ಈ ಗೋಳಿಲ್ಲ. ಕ್ಯಾಮೆರಾ ಆ್ಯಪಿಗೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ ಅಕ್ಷಾಂಶ, ರೇಖಾಂಶ ಎರಡೂ ಫೋಟೊ ಫೈಲಿನ ಎಕ್ಸಿಫ್ ಭಾಗದಲ್ಲಿ (ತೆಗೆದ ಹೊತ್ತು, ಜಾಗ ಎಲ್ಲ ಬರೆದಿಡುವ ಭಾಗ) ತಾವಾಗಿಯೇ ಸೇರುತ್ತವೆ. ನೆಟ್‌ವರ್ಕ್ ಇಲ್ಲದ ಕಡೆ ಲೊಕೇಶನ್ ಬರಲ್ಲ ಅಂತ ಹಲವರು ನಂಬಿದ್ದಾರೆ. ಹಾಗೇನಿಲ್ಲ. ಜಿಪಿಎಸ್‌ಗೆ ಬೇಕಾದದ್ದು ಉಪಗ್ರಹ, ಮೊಬೈಲ್ ಟವರ್ ಅಲ್ಲ. ನೆಟ್ ಇದ್ದರೆ ಬೇಗ ಹಿಡಿಯುತ್ತದೆ, ಅಷ್ಟೇ. ಘಟ್ಟದ ದಟ್ಟ ಮರಗಳ ಕೆಳಗೆ ಮಾತ್ರ ಮೊದಲ ಒಂದೆರಡು ಫೋಟೊಗಳ ಜಾಗ ಎಡವಟ್ಟಾಗಬಹುದು. ಮ್ಯಾಪ್ ತೆರೆದು, ನೀಲಿ ಚುಕ್ಕೆ ಒಂದು ಕಡೆ ನಿಲ್ಲುವ ತನಕ ಕಾದು ಆಮೇಲೆ ಕ್ಲಿಕ್ ಮಾಡಿ.

ತಲೆನೋವು ಡಿಎಸ್ಎಲ್ಆರ್ ಮತ್ತು ಮಿರರ್‌ಲೆಸ್ ಕ್ಯಾಮೆರಾಗಳದ್ದು. ಕ್ಯಾನನ್ 6ಡಿ, ನಿಕಾನ್ ಡಿ5300 ತರಹದ ಕೆಲವಕ್ಕೆ ಒಳಗೇ ಜಿಪಿಎಸ್ ಇದೆ. ಹೆಚ್ಚಿನವಕ್ಕೆ ಇಲ್ಲ. ಹೊಸ ಕ್ಯಾಮೆರಾಗಳು ಬ್ಲೂಟೂತ್ ಮೂಲಕ ಫೋನಿನಿಂದ ಲೊಕೇಶನ್ ಪಡೆಯುತ್ತವೆ. ಆದರೆ ನಡುವೆ ಸಂಪರ್ಕ ತಪ್ಪಿದ್ದು ಗೊತ್ತಾಗುವುದು ಎಷ್ಟೋ ಸಲ ಮನೆಗೆ ಬಂದ ಮೇಲೇ. ಹಾಗಾಗಿ ನನಗೆ ಹಳೆಯ ದಾರಿಯೇ ಇಷ್ಟ. ಫೋನಿನಲ್ಲಿ ಜಿಪಿಎಸ್‌ಲಾಗರ್ ಅಥವಾ ಓಸ್ಮ್‌ಆ್ಯಂಡ್ ಆ್ಯಪ್ ಹಾಕಿಕೊಂಡು ಓಡಾಡಿದ ಜಾಡನ್ನು ಜಿಪಿಎಕ್ಸ್ ಫೈಲಾಗಿ ಉಳಿಸುವುದು. ಮನೆಗೆ ಬಂದು ಲೈಟ್‌ರೂಮ್ ಕ್ಲಾಸಿಕ್, ಡಿಜಿಕ್ಯಾಮ್ ಅಥವಾ ಎಕ್ಸಿಫ್‌ಟೂಲ್ ಸಾಫ್ಟ್‌ವೇರಿಗೆ ಜಾಡು, ಫೋಟೊ ಎರಡನ್ನೂ ಕೊಡುವುದು. ಫೋಟೊ ತೆಗೆದ ಹೊತ್ತಿಗೆ ನೀವು ಎಲ್ಲಿದ್ದಿರಿ ಅಂತ ಜಾಡಿನಲ್ಲಿ ಹುಡುಕಿ ಆ ಸಾಫ್ಟ್‌ವೇರ್ ಫೋಟೊದಲ್ಲಿ ಬರೆಯುತ್ತದೆ. ಹೊರಡುವ ಮೊದಲು ಜಾಡು ಉಳಿಸುವ ಆ್ಯಪನ್ನು ಬ್ಯಾಟರಿ ಸೇವರ್‌ನಿಂದ ಹೊರಗಿಡಿ. ಇಲ್ಲದಿದ್ದರೆ ಆಂಡ್ರಾಯ್ಡ್ ಅದನ್ನು ಸುಮ್ನೆ ಮಲಗಿಸಿಬಿಡುತ್ತದೆ.

ಗಡಿಯಾರ ಮುಖ್ಯವಾಗುವುದು ಇಲ್ಲಿ. ಕಾರು ಗಂಟೆಗೆ 60 ಕಿ.ಮೀ. ಹೋಗುತ್ತಿದ್ದರೆ ನಾಲ್ಕು ನಿಮಿಷದ ವ್ಯತ್ಯಾಸ ಅಂದರೆ ನಾಲ್ಕು ಕಿ.ಮೀ. ಜೊತೆಗೆ ಜಿಪಿಎಕ್ಸ್ ಫೈಲಿನ ಸಮಯ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ ಇರುತ್ತದೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆ ಅರ್ಧ ಗಂಟೆಯನ್ನು ಮರೆತು ಸಾಫ್ಟ್‌ವೇರಿನಲ್ಲಿ ಬರೀ 5 ಅಂತ ಹಾಕಿದರೆ ಪ್ರತಿ ಫೋಟೊ ಅರ್ಧ ಗಂಟೆ ನಂತರ ನೀವಿದ್ದ ಜಾಗಕ್ಕೆ ಹೋಗಿ ಕೂರುತ್ತದೆ. ಹಂಪಿಯಲ್ಲಿ ವಿರೂಪಾಕ್ಷ ದೇವಸ್ಥಾನ ನೋಡಿ, ಹೊಳೆ ದಂಡೆ ಹಿಡಿದು ನಡೆದಿರಿ ಅಂದುಕೊಳ್ಳಿ. ವಿರೂಪಾಕ್ಷನ ಗೋಪುರ ಮ್ಯಾಪಿನಲ್ಲಿ ವಿಠ್ಠಲ ದೇವಸ್ಥಾನದ ಹತ್ತಿರ ಕಾಣಿಸುತ್ತದೆ! ನೋಡಿದರೆ ಎಲ್ಲ ಸರಿಯಾಗೇ ಇದ್ದಂತಿರುತ್ತದೆ. ಅದೇ ಅಪಾಯ.

ಇದಕ್ಕೆ ಉಪಾಯ ಸುಲಭ. ಹೊರಡುವ ದಿನ ಫೋನಿನಲ್ಲಿ ಸೆಕೆಂಡು ಸಹಿತ ಗಂಟೆ ತೋರಿಸುವ ಪರದೆ ತೆರೆದು, ಅದರದ್ದೇ ಒಂದು ಫೋಟೊ ಕ್ಯಾಮೆರಾದಲ್ಲಿ ತೆಗೆಯಿರಿ. ಫೋಟೊದಲ್ಲಿ ಕಾಣುವ ಹೊತ್ತಿಗೂ ಎಕ್ಸಿಫ್‌ನಲ್ಲಿರುವ ಹೊತ್ತಿಗೂ ಎಷ್ಟು ವ್ಯತ್ಯಾಸ ನೋಡಿ. ಅಷ್ಟನ್ನು ಸಾಫ್ಟ್‌ವೇರಿಗೆ ಹೇಳಿದರಾಯಿತು. ಕ್ಯಾಮೆರಾದ ಗಡಿಯಾರ ಮುಟ್ಟಬೇಕಾಗಿಯೂ ಇಲ್ಲ. ಜಾಡಿನ ರಗಳೆಯೇ ಬೇಡ ಅನ್ನುವವರು ಪ್ರತಿ ಜಾಗದಲ್ಲೂ ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡು, ಅದರ ಲೊಕೇಶನ್ನನ್ನು ಉಳಿದವಕ್ಕೆ ನಕಲು ಮಾಡಬಹುದು.

ಜಿಪಿಎಸ್ ಬರೆಯುವುದು ನೀವು ನಿಂತ ಜಾಗವನ್ನು, ಫೋಟೊದಲ್ಲಿ ಕಾಣುವ ಜಾಗವನ್ನಲ್ಲ. ಮಾತಂಗ ಬೆಟ್ಟದ ಮೇಲಿಂದ ಅಚ್ಯುತರಾಯ ದೇವಸ್ಥಾನ ತೆಗೆದರೆ ಪಿನ್ ಬೀಳುವುದು ಬೆಟ್ಟದ ತುದಿಯಲ್ಲಿ. ಕೆಲವರು ಅದನ್ನು ತಪ್ಪು ಅಂದುಕೊಂಡು ದೇವಸ್ಥಾನದ ಮೇಲಕ್ಕೆ ಎಳೆಯುತ್ತಾರೆ. ದಯವಿಟ್ಟು ಬೇಡ. 1856ರಲ್ಲಿ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದಿದ್ದ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವೇ ನೋಟಗಳನ್ನು ಮತ್ತೆ ತೆಗೆದರು. ಅಂಥ ಕೆಲಸಕ್ಕೆ ಮೊದಲು ಬೇಕಾಗುವುದೇ ಹಿಂದಿನವನು ನಿಂತ ನೆಲ. ಕಾಣುವ ಜಾಗವನ್ನೂ ಬರೆಯಬೇಕೆಂದರೆ ಫೋಟೊ ಫೈಲಿನಲ್ಲೇ ವಿವರ ಬರೆದಿಡುವ ಐಪಿಟಿಸಿ ಮಾಹಿತಿಯಲ್ಲಿ ತೆಗೆದ ಸ್ಥಳಕ್ಕೊಂದು, ಕಾಣುವ ಸ್ಥಳಕ್ಕೊಂದು ಬೇರೆ ಬೇರೆ ಖಾನೆಗಳಿವೆ.

ಊರಿನ ಹೆಸರು ಬರೆದಿದ್ದೇನಲ್ಲ, ಅಂಕಿ ಯಾಕೆ ಅಂತೀರಾ? ಹಂಪಿಯ ಹಳೇ ಫೋಟೊಗಳಲ್ಲಿ ‘ಬೆಳ್ಳಾರಿ’ ಅಂತ ಇಂಗ್ಲಿಷ್ ಕಾಗುಣಿತ ಇರುತ್ತದೆ. 2014ರಲ್ಲಿ ಅದು ಬಳ್ಳಾರಿ ಆಯಿತು. 2021ರಲ್ಲಿ ಹಂಪಿ ವಿಜಯನಗರ ಜಿಲ್ಲೆಗೆ ಸೇರಿತು. ಒಂದೇ ಬಂಡೆ, ಹುಡುಕಲು ಮೂರು ಹೆಸರು. 15.335 ಉತ್ತರ, 76.460 ಪೂರ್ವ ಮಾತ್ರ ಅಲ್ಲೇ ಇದೆ. ಕೈಯಲ್ಲಿ ಬರೆಯುವಾಗ ಅಕ್ಷಾಂಶ, ರೇಖಾಂಶ ಅದಲುಬದಲಾದರೆ ಹಂಪಿ ಉತ್ತರ ಧ್ರುವದ ಕಡೆ, ಸ್ವಾಲ್‌ಬಾರ್ಡ್ ಬಳಿಯ ಸಮುದ್ರಕ್ಕೆ ಬೀಳುತ್ತದೆ. ಪೂರ್ವ ಹೋಗಿ ಪಶ್ಚಿಮ ಆದರೆ ಕೆರಿಬಿಯನ್ ಸಮುದ್ರಕ್ಕೆ. ದಶಮಾಂಶದ ನಂತರ ನಾಲ್ಕು ಅಂಕಿ ಇದ್ದರೆ ಸುಮಾರು 11 ಮೀಟರ್ ನಿಖರತೆ ಸಿಗುತ್ತದೆ. ಪ್ರವಾಸಕ್ಕೆ ಧಾರಾಳ ಸಾಕು.

ಅಷ್ಟು ನಿಖರತೆ ಬೇಡದ ಕಡೆಯೂ ಇದೆ. ಮನೆಯಲ್ಲಿ ತೆಗೆದ ಮಕ್ಕಳ ಫೋಟೊ, ಹಕ್ಕಿಯ ಗೂಡು, ಕಾಡಿನ ಅಪರೂಪದ ಆರ್ಕಿಡ್. ಅಳಿವಿನಂಚಿನ ಜೀವಿಗಳ ಜಾಗವನ್ನು ಜೀವಿಗಳ ಫೋಟೊ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಜಾಲತಾಣ ತಾನೇ 0.2 ಡಿಗ್ರಿಯ ಚೌಕದೊಳಗೆ ಮರೆಮಾಡುತ್ತದೆ. ಅಂದರೆ ಇಪ್ಪತ್ತು ಕಿ.ಮೀ.ಗೂ ಹೆಚ್ಚು ಅಗಲದ ಚೌಕ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಲೊಕೇಶನ್ ಅಳಿದುಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ. ಜೊತೆಗೆ ಬಂದ ಗೆಳೆಯರ ಫೋಟೊ ಬೇಕಿದ್ದರೆ ಡಾಕ್ಯುಮೆಂಟ್ ಆಗಿಯೇ ಕೇಳಿ. ಐಫೋನ್‌ನಿಂದ ಬೇರೆ ದಾರಿಯಲ್ಲಿ ಕಳಿಸುವಾಗ ಶೇರ್ ಪರದೆಯ ಮೇಲ್ಗಡೆ ಆಪ್ಷನ್ಸ್ ಒತ್ತಿ ಲೊಕೇಶನ್ ಆಫ್ ಮಾಡಬಹುದು. ಕಳಿಸಿದ ಪ್ರತಿಯಲ್ಲಿ ಮಾತ್ರ ಜಾಗ ಇರುವುದಿಲ್ಲ, ನಿಮ್ಮ ಮೂಲ ಫೋಟೊದಲ್ಲಿ ಇದ್ದೇ ಇರುತ್ತದೆ.