ಘಟ್ಟದ ಮೇಲೊಂದು ಎಣಿಕೆ, ಘಟ್ಟದ ಕೆಳಗೊಂದು ಎಣಿಕೆ

ಕುಮಟಾದಿಂದ ಶಿರಸಿಗೆ ಬಸ್ಸಿನಲ್ಲಿ ಹೊರಟರೆ ದೇವಿಮನೆ ಘಟ್ಟ ಹತ್ತುವಾಗ ಕಿವಿ ಕಟ್ಟುತ್ತದೆ. ಕೈಯಲ್ಲಿ ಚಿಪ್ಸ್ ಪ್ಯಾಕೆಟ್ ಇದ್ದರೆ ಒಮ್ಮೆ ಒತ್ತಿ ನೋಡಿ. ಕೆಳಗೆ ಮೆತ್ತಗಿದ್ದದ್ದು ಮೇಲೆ ಬರುವಷ್ಟರಲ್ಲಿ ಉಬ್ಬಿ ಬಿಗಿಯಾಗಿರುತ್ತದೆ. ಒಳಗಿನ ಗಾಳಿ ಇದ್ದಷ್ಟೇ ಇದೆ, ಹೊರಗಿನಿಂದ ಒತ್ತುವ ಗಾಳಿ ಕಡಿಮೆಯಾಗಿದೆ.

ಎಷ್ಟು ಕಡಿಮೆ? ಕಾರವಾರದ ಕಡಲತೀರದಲ್ಲಿ ನಿಂತವರ ತಲೆಯ ಮೇಲಿನ ಗಾಳಿಯನ್ನೆಲ್ಲ ತೂಗಿದರೆ ಅದು 10 ಮೀಟರ್ ಆಳದ ನೀರಿಗೆ ಸಮ. ಸುಮಾರು 590 ಮೀಟರ್ ಎತ್ತರದ ಶಿರಸಿಯಲ್ಲಿ ಇದಕ್ಕಿಂತ ಹೆಚ್ಚುಕಡಿಮೆ 70 ಸೆಂಟಿಮೀಟರ್ ಕಡಿಮೆ. ತೊಡೆಮಟ್ಟದ ನೀರು, ಅಷ್ಟೇ. ಆಕಾಶದಿಂದ ಬೀಳುವ ಕಣಗಳನ್ನು ಎಣಿಸುವವರಿಗೆ ಈ ತೊಡೆಮಟ್ಟದ ನೀರೂ ಲೆಕ್ಕಕ್ಕೆ ಸಿಗುತ್ತದೆ.

ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಲ್ಲಿ ಬಹುಪಾಲು ಪ್ರೋಟಾನ್‌ಗಳು. ಅವು ಸುಮಾರು 15 ಕಿ.ಮೀ. ಮೇಲೆ ಗಾಳಿಗೆ ಬಡಿದು ಚೂರುಗಳ ಮಳೆಯನ್ನೇ ಸುರಿಸುತ್ತವೆ. ಅದರಲ್ಲಿ ನೆಲದವರೆಗೆ ಬರುವುದು ಮುಖ್ಯವಾಗಿ ಮ್ಯೂಆನ್ ಎಂಬ ಕಣ. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಒಂದರಂತೆ ಬೀಳುತ್ತದೆ. ನೀವು ಇದನ್ನು ಓದುತ್ತಿರುವಾಗಲೂ ನಿಮ್ಮ ಅಂಗೈಯನ್ನು ಸೆಕೆಂಡಿಗೊಂದರಂತೆ ದಾಟಿ ಹೋಗುತ್ತಿವೆ.

ಮ್ಯೂಆನ್ ಬಾಳುವುದು ಸರಾಸರಿ 2.2 ಮೈಕ್ರೊಸೆಕೆಂಡ್. ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು, ಮೇಲೊಂದಿಷ್ಟು ಚಿಲ್ಲರೆ. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರಲ್ಲಿ ಸಾಗುವುದು 660 ಮೀಟರ್. ಶಿರಸಿಯಿಂದ ಕಡಲಮಟ್ಟಕ್ಕೆ ಇಳಿಯುವ ಎತ್ತರವೂ ಹತ್ತಿರ ಹತ್ತಿರ ಇಷ್ಟೇ! ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಹೀಗೆ ಲೆಕ್ಕ ಹಾಕಿದರೆ ಶಿರಸಿಯ ಮಟ್ಟ ದಾಟಿದ 100 ಮ್ಯೂಆನ್‌ಗಳಲ್ಲಿ ಕಾರವಾರದ ಮಟ್ಟ ಮುಟ್ಟಬೇಕಾದ್ದು 41. ನಿಜವಾಗಿ ಮುಟ್ಟುವುದು 90ಕ್ಕೂ ಜಾಸ್ತಿ.

ಐನ್‌ಸ್ಟೈನ್ ಹೇಳಿದ್ದು ಇದನ್ನೇ ಅಲ್ವಾ? ವೇಗವಾಗಿ ಓಡುವ ಕಣದ ಗಡಿಯಾರ ನಮ್ಮ ಕಣ್ಣಿಗೆ ನಿಧಾನ. ನಾವು ಘಟ್ಟ ಇಳಿಯುವ ಎತ್ತರ ಅದಕ್ಕೆ ಕೆಲವೇ ಹೆಜ್ಜೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಡೇವಿಡ್ ಫ್ರಿಶ್ ಮತ್ತು ಜೇಮ್ಸ್ ಸ್ಮಿತ್ ಇದನ್ನು ಮಾಡಿ ತೋರಿಸಿದರು. ಸುಮಾರು 1,900 ಮೀಟರ್ ಎತ್ತರದ ಮೌಂಟ್ ವಾಷಿಂಗ್ಟನ್ ಮೇಲೆ ಗಂಟೆಗೆ 563 ಮ್ಯೂಆನ್ ಸಿಕ್ಕವು. ಕೆಳಗೆ ಸಮುದ್ರಮಟ್ಟದಲ್ಲಿ 27 ಸಿಗಬೇಕಿತ್ತು, 408 ಸಿಕ್ಕವು.

ನಮ್ಮ ಘಟ್ಟ ಅದರ ಮೂರನೇ ಒಂದು ಪಾಲು ಎತ್ತರ. ವ್ಯತ್ಯಾಸ ನೂರಕ್ಕೆ ಕೆಲವೇ ಕೆಲವು. ಹಾಗಾಗಿ ತಾಳ್ಮೆ ಬೇಕು. ಅಂಗೈ ಅಗಲದ ಉಪಕರಣದಲ್ಲಿ ನಿಮಿಷಕ್ಕೆ 100 ಎಣಿಕೆ ಬಂತು ಅನ್ನಿ. ಮುಂದಿನ ನಿಮಿಷ 92 ಬರಬಹುದು, ಅದರ ಮುಂದಿನದು 109. ಕಣಗಳು ಮಳೆಹನಿಯ ಹಾಗೆ, ಸಾಲಾಗಿ ಬರುವುದಿಲ್ಲ. ಎಣಿಕೆಯ ವರ್ಗಮೂಲದಷ್ಟು ಏರುಪೇರು ಇದ್ದದ್ದೇ: ನೂರಕ್ಕೆ ಹತ್ತು. 10,000 ಎಣಿಸಿದರೆ ಏರುಪೇರು 100, ಅಂದರೆ ನೂರಕ್ಕೆ ಒಂದೇ. ಎರಡೂ ಊರಿನಲ್ಲಿ ಅದೇ ಉಪಕರಣ, ಅಂಥದ್ದೇ ಹಂಚಿನ ಮಾಡು, ಇಡೀ ರಾತ್ರಿ ಎಣಿಕೆ. ಗಾಳಿಯ ಒತ್ತಡವನ್ನೂ ಬರೆದಿಡಬೇಕು. ಒತ್ತಡ ಇಳಿದ ದಿನ ಘಟ್ಟ ಹತ್ತದೆಯೇ ಎಣಿಕೆ ಸ್ವಲ್ಪ ಏರುತ್ತದೆ.

ಇನ್ನೊಂದು ತೊಡಕು ಕಾಲಡಿಯದ್ದು. ಕಲ್ಲು ಮಣ್ಣಿನಲ್ಲೆಲ್ಲ ವಿಕಿರಣ ಸೂಸುವ ಯುರೇನಿಯಂ, ಥೋರಿಯಂ ಚೂರುಪಾರು ಇರುತ್ತದೆ, ನಮ್ಮ ಚಿರೆಕಲ್ಲಿನ ಗೋಡೆಯಲ್ಲೂ. ಜೋರು ಮಳೆ ಬಂದರೆ ಗಾಳಿಯಲ್ಲಿನ ವಿಕಿರಣದ ಧೂಳೂ ನೆಲಕ್ಕಿಳಿಯುತ್ತದೆ. ವಿಕಿರಣ ತಾಗಿದಾಗಲೆಲ್ಲ ಟಿಕ್ ಅನ್ನುವ ಉಪಕರಣ ಗೈಗರ್ ಕೊಳವೆ. ಅದು ಒಂದೇ ಇದ್ದರೆ ಇದನ್ನೆಲ್ಲ ಸೇರಿಸಿ ಟಿಕ್ ಟಿಕ್ ಅನ್ನುತ್ತದೆ. ಮೊದಮೊದಲು ಎಲ್ಲ ವಿಕಿರಣವೂ ನೆಲದ್ದೇ ಎಂದು ವಿಜ್ಞಾನಿಗಳೂ ನಂಬಿದ್ದರು. 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ 5 ಕಿ.ಮೀ. ಮೇಲೇರಿ ಅಳೆದರು. ವಿಕಿರಣ ಮೊದಲು ಸ್ವಲ್ಪ ಇಳಿಯಿತು, ಆಮೇಲೆ ಏರುತ್ತಲೇ ಹೋಯಿತು. ಅಂದರೆ ಮೇಲಿಂದಲೂ ಬರುತ್ತಿತ್ತು.

ನೆಲದ್ದನ್ನು ಬೇರೆ ಮಾಡಲು ಒಂದು ಉಪಾಯ ಇದೆ. ಒಂದರ ಮೇಲೊಂದು ಎರಡು ಕೊಳವೆ ಇಟ್ಟು, ನಡುವೆ ಸೀಸದ ತಗಡು ಹಾಕಿ, ಎರಡೂ ಒಟ್ಟಿಗೆ ಟಿಕ್ ಅಂದಾಗ ಮಾತ್ರ ಎಣಿಸುವುದು. ಕಲ್ಲಿನ ವಿಕಿರಣ ಸೀಸದಲ್ಲೇ ಸೋಲುತ್ತದೆ. ಮ್ಯೂಆನ್ ಎರಡನ್ನೂ ತೂರಿ ಹೋಗುತ್ತದೆ. ಎರಡು ಕೊಳವೆ ಒಟ್ಟಿಗೆ ನುಡಿಯುವುದನ್ನು ಎಣಿಸುವ ಈ ದಾರಿಗೆ ವಾಲ್ಟರ್ ಬೋಥೆಗೆ 1954ರಲ್ಲಿ ನೊಬೆಲ್ ಬಂತು.

ಕಾರವಾರದವರಿಗೆ ಇನ್ನೂ ಒಂದು ಅನುಕೂಲ ಇದೆ: ನೀರು. 1911ರಲ್ಲಿ ಇಟಲಿಯ ಲಿವೊರ್ನೊ ಕಡಲಿನಲ್ಲಿ ಡೊಮೆನಿಕೊ ಪಾಚಿನಿ ತಮ್ಮ ಉಪಕರಣವನ್ನು 3 ಮೀಟರ್ ನೀರಿನಡಿ ಇಳಿಸಿದರು. ಮೇಲಿದ್ದಾಗಿನದಕ್ಕಿಂತ ವಿಕಿರಣ ಕಡಿಮೆ ಬಂತು. ಮೇಲಿಂದ ಬರುತ್ತಿದ್ದದ್ದನ್ನು ನೀರು ತಡೆದಿತ್ತು. ಕಾಳಿಯ ಅಳಿವೆಯಲ್ಲಿ ದೋಣಿಯ ಹಲಗೆಯ ಮೇಲೆ ಈ ಜೋಡಿ ಕೊಳವೆ ಇಟ್ಟುಕೊಂಡು ದಡದಿಂದ ದೂರ ಹೋದರೆ, ಒಂಟಿ ಕೊಳವೆಯ ಟಿಕ್ ಟಿಕ್ ಇಳಿಯುತ್ತದೆ, ನೆಲ ದೂರವಾಯಿತಲ್ಲ. ಜೋಡಿಯ ಎಣಿಕೆ ಮಾತ್ರ ದಡದಲ್ಲಿ ಇದ್ದಷ್ಟೇ ಇರುತ್ತದೆ.